ಚಪ್ಪಟೆ ಪಾದ, ನಮ್ಮ ನಡಿಗೆ ಮತ್ತು ಬೂಟಿನೊಳಗಿನ ಇನ್‌ಸೋಲ್

(ರೋಗಿಗಳು ಮತ್ತು ಅವರ ಜೊತೆ ಬಂದ ಬಂಧುಗಳಿಗಾಗಿ ನಡೆದ ಆರೋಗ್ಯ ತಿಳಿವಳಿಕೆ ಕಾರ್ಯಕ್ರಮದಲ್ಲಿ ನಮ್ಮ ಶುಶ್ರೂಷಾ ಬೋಧಕಿಯವರು ನೀಡಿದ ಉಪನ್ಯಾಸದ ಬರಹ ರೂಪ)

 

ಇಂದು ನಾನು ಮಾತನಾಡಬೇಕಾಗಿರುವುದು ಚಪ್ಪಟೆ ಪಾದದ ಬಗ್ಗೆ. ಕೇಳುವುದಕ್ಕೆ ಸಣ್ಣ ವಿಷಯ ಅನಿಸಬಹುದು. ಆದರೆ ನಮ್ಮ ಭಾಗದ ಜನರ ಕಾಯಕವೆಲ್ಲ ಕಾಲಿನ ಮೇಲೆಯೇ ನಿಂತಿದೆ. ಕುರಿಯ ಹಿಂದೆ ಹೋಗುವವರು ದಿನಕ್ಕೆ ಎಷ್ಟು ಮೈಲಿ ನಡೆಯುತ್ತಾರೋ ಅವರಿಗೇ ಲೆಕ್ಕವಿಲ್ಲ. ಶೇಂಗಾ ಕೀಳುವ ಕಾಲಕ್ಕೆ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲೇ ಇರಬೇಕು. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಸಿಮೆಂಟು ನೆಲದ ಮೇಲೆ ಗಂಟೆಗಟ್ಟಲೆ ನಿಂತು ದುಡಿಯುವವರಿದ್ದಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರು ಗುಣಿ ಮಗ್ಗದಲ್ಲಿ ಕುಳಿತರೂ ಕಾಲಿಗೆ ಬಿಡುವಿಲ್ಲ, ತುಳಿಹಲಗೆಯನ್ನು ತುಳಿಯುತ್ತಲೇ ಇರಬೇಕು. ಇಂಥವರಿಗೆ ಪಾದ ನೋಯತೊಡಗಿದರೆ ಮನೆಯ ಸಂಪಾದನೆಯೇ ನಿಲ್ಲುತ್ತದೆ.

ಈ ವಿಷಯವನ್ನು ಕೇಳಿಕೊಂಡು ಸಾಮಾನ್ಯವಾಗಿ ಮೂರು ಬಗೆಯ ಜನ ನಮ್ಮ ಬಳಿ ಬರುತ್ತಾರೆ. ಮಗುವಿನ ಅಂಗಾಲು ಸಪಾಟಾಗಿದೆ ಎಂದು ಹೆದರಿ ಬರುವ ತಾಯಂದಿರು ಒಂದು ಬಗೆ. ಸೈನ್ಯ, ಪೊಲೀಸ್ ಭರ್ತಿಗೆ ತಯಾರಾಗುತ್ತಿರುವ ಹುಡುಗರು ಇನ್ನೊಂದು ಬಗೆ. ನಲವತ್ತು ದಾಟಿದ ಮೇಲೆ ಪಾದದ ಒಳಭಾಗ ಬಾಧಿಸಿ ನಡೆಯಲಾರದೆ ಬರುವವರು ಮೂರನೆಯ ಬಗೆ. ಮೂವರೂ ಕೇಳುವ ಪ್ರಶ್ನೆ ಒಂದೇ: "ಬೂಟಿನೊಳಗೆ ಹಾಕುವ ಇನ್‌ಸೋಲ್ ತಂದರೆ ಸರಿಹೋಗುತ್ತದೆಯೇ?" ಆದರೆ ಮೂವರಿಗೂ ಉತ್ತರ ಒಂದೇ ಅಲ್ಲ. ಅದನ್ನು ತಿಳಿಸುವುದೇ ಇಂದಿನ ನನ್ನ ಕೆಲಸ.

ಪಾದದ ಕಮಾನು ಎಂದರೇನು?

ನಮ್ಮ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಅವು ಒಂದಕ್ಕೊಂದು ಒರಗಿಕೊಂಡು ಪಾದದ ಒಳಬದಿಯಲ್ಲಿ ಸೇತುವೆಯ ಕಮಾನಿನಂತೆ ಮೇಲೆದ್ದು ನಿಂತಿರುತ್ತವೆ. ಆ ಕಮಾನು ಕುಸಿಯದಂತೆ ಹಿಡಿದಿಡಲು ಮೂರು ವ್ಯವಸ್ಥೆಗಳಿವೆ. ಮೂಳೆಗಳನ್ನು ಬಿಗಿಯುವ ಅಸ್ಥಿಬಂಧಗಳು, ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಹಾಸಿರುವ ದಪ್ಪನೆಯ ಪಟ್ಟಿ, ಮತ್ತು ಕಣಕಾಲಿನಿಂದ ಇಳಿದು ಕಾಲಿನ ಒಳಗೆಣ್ಣಿನ ಹಿಂದಿನಿಂದ ಬಂದು ಕಮಾನನ್ನು ಮೇಲಕ್ಕೆ ಎಳೆದು ಹಿಡಿಯುವ ಸ್ನಾಯುರಜ್ಜು. ಈ ಮೂರರಲ್ಲಿ ಯಾವುದು ಸಡಿಲವಾದರೂ ಕಮಾನು ತಗ್ಗುತ್ತದೆ.

ನಡೆಯುವಾಗ ಈ ಕಮಾನು ಎರಡು ಕೆಲಸ ಮಾಡುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿ ಮೈಭಾರ ಬಿದ್ದಾಗ ಪಾದ ಸ್ವಲ್ಪ ಒಳಕ್ಕೆ ವಾಲಿ, ಕಮಾನು ಸ್ವಲ್ಪ ತಗ್ಗಿ, ಪೆಟ್ಟನ್ನು ಹೀರಿಕೊಳ್ಳುತ್ತದೆ. ಮರುಗಳಿಗೆಯಲ್ಲೇ ಹಿಮ್ಮಡಿ ಎತ್ತಿ ಹೆಬ್ಬೆರಳು ಮಡಚಿದಾಗ ಅಂಗಾಲಿನ ಪಟ್ಟಿ ಬಿಗಿದು, ಕಮಾನು ಮತ್ತೆ ಎದ್ದು, ಪಾದ ಗಟ್ಟಿ ಸನ್ನೆಗೋಲಿನಂತಾಗಿ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಕೆಲವು ಚಪ್ಪಟೆ ಪಾದಗಳಲ್ಲಿ ಮೊದಲ ಕೆಲಸ ಅತಿಯಾಗುತ್ತದೆ, ಎರಡನೆಯದು ಕಡಿಮೆಯಾಗುತ್ತದೆ. ಆಗ ಒಳಗೆಣ್ಣಿನ ಹಿಂದಿನ ಸ್ನಾಯುರಜ್ಜು ಹೆಚ್ಚು ದುಡಿಯಬೇಕಾಗುತ್ತದೆ. ಪಾದ ಒಳಕ್ಕೆ ವಾಲಿದಂತೆ ಕಣಕಾಲೂ ಒಳಕ್ಕೆ ತಿರುಗುವುದರಿಂದ ಕೆಲವರಿಗೆ ಮೊಣಕಾಲೂ ನೋಯುತ್ತದೆ. ಬೇಗ ದಣಿವಾಗುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪಾದ ಚಪ್ಪಟೆಯಾಗಿರುವವರಲ್ಲಿ ಬಹಳಷ್ಟು ಜನರಿಗೆ ನೋವೂ ಇರುವುದಿಲ್ಲ, ತೊಂದರೆಯೂ ಇರುವುದಿಲ್ಲ. ಒಬ್ಬರ ಮೂಗು ಉದ್ದ, ಇನ್ನೊಬ್ಬರ ಮೂಗು ಮೊಂಡು ಇದ್ದ ಹಾಗೆ ಪಾದದ ಆಕಾರವೂ ಬೇರೆ ಬೇರೆ. ನೋವಿಲ್ಲದೆ ಚೆನ್ನಾಗಿ ನಡೆಯುವ ಚಪ್ಪಟೆ ಪಾದ ಕಾಯಿಲೆಯಲ್ಲ. ಅದಕ್ಕೆ ಇನ್‌ಸೋಲೂ ಬೇಡ, ಔಷಧವೂ ಬೇಡ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ಪಾದವನ್ನು ನೀರಿನಲ್ಲಿ ಅದ್ದಿ ಒಣಗಿದ ಕಡಪಾ ಕಲ್ಲಿನ ಮೇಲೋ ಸಿಮೆಂಟು ನೆಲದ ಮೇಲೋ ಊರಿ ನಿಲ್ಲಿ. ಪಕ್ಕಕ್ಕೆ ಸರಿದು ಗುರುತನ್ನು ನೋಡಿ. ಕಮಾನು ಇದ್ದರೆ ಒಳಬದಿಯ ನಡುಭಾಗ ಒಣಗಿಯೇ ಉಳಿದಿರುತ್ತದೆ. ಚಪ್ಪಟೆಯಾಗಿದ್ದರೆ ಇಡೀ ಅಂಗಾಲಿನ ಗುರುತು ಮೂಡಿರುತ್ತದೆ.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಗೋಡೆ ಹಿಡಿದು ತುದಿಗಾಲಲ್ಲಿ ನಿಲ್ಲಲು ಹೇಳಿ, ಹಿಂದಿನಿಂದ ನೋಡಿ. ತುದಿಗಾಲಿನ ಮೇಲೆ ನಿಂತಾಗ ಕಮಾನು ಮೂಡಿ, ಹಿಮ್ಮಡಿ ಒಳಕ್ಕೆ ತಿರುಗಿ ನೆಟ್ಟಗಾದರೆ ಅದು ಮೆದು ಚಪ್ಪಟೆ ಪಾದ. ಸಾಮಾನ್ಯವಾಗಿ ಭಯಪಡಬೇಕಾದದ್ದಲ್ಲ. ತುದಿಗಾಲಲ್ಲಿ ನಿಂತರೂ ಕಮಾನು ಮೂಡದೆ ಪಾದ ಬಿರುಸಾಗಿಯೇ ಇದ್ದರೆ ಅದು ಬಿಗಿ ಚಪ್ಪಟೆ ಪಾದ. ಅದನ್ನು ಮೂಳೆ ವೈದ್ಯರಿಗೆ ತೋರಿಸಲೇಬೇಕು.

ಮಕ್ಕಳ ಪಾದ: ತಾಯಂದಿರು ಗಮನಿಸಬೇಕಾದದ್ದು

ಹುಟ್ಟಿದ ಕೂಸುಗಳ ಪಾದ ಎಲ್ಲವೂ ಚಪ್ಪಟೆಯೇ. ಅಂಗಾಲಿನಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ, ಕೀಲುಗಳೂ ಸಡಿಲವಾಗಿರುತ್ತವೆ. ಮಗು ನಡೆದು, ಓಡಿ, ಕುಣಿದ ಹಾಗೆಲ್ಲ ಕಮಾನು ತಾನಾಗಿಯೇ ಬೆಳೆಯುತ್ತದೆ. ಬಹುತೇಕ ಮಕ್ಕಳಲ್ಲಿ ಹತ್ತು ವರ್ಷದೊಳಗೆ ಇದು ಆಗುತ್ತದೆ. ಆದ್ದರಿಂದ ಮೂರು ವರ್ಷದ ಮಗುವಿನ ಪಾದ ಚಪ್ಪಟೆಯಿದೆ ಎಂದು ಸಾಲ ಮಾಡಿ ವಿಶೇಷ ಬೂಟು ಮಾಡಿಸುವ ಅಗತ್ಯವಿಲ್ಲ.

ಇದರ ಬಗ್ಗೆ ನಮ್ಮ ಕರ್ನಾಟಕದಲ್ಲೇ ಒಳ್ಳೆಯ ಅಧ್ಯಯನ ನಡೆದಿದೆ ಎಂಬುದು ಹೆಮ್ಮೆಯ ಸಂಗತಿ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2300 ಮಕ್ಕಳ ಪಾದದ ಗುರುತುಗಳನ್ನು ತೆಗೆದು ಪರೀಕ್ಷಿಸಿ, 1992ರಲ್ಲಿ ಅದನ್ನು ಪ್ರಕಟಿಸಿದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇಕಡಾ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಲ್ಲಿ ಬೆಳೆದ ಮಕ್ಕಳಲ್ಲಿ ಅದು ಶೇಕಡಾ 2.8 ಮಾತ್ರ ಇತ್ತು. ಬೆರಳು ಮುಚ್ಚುವ ಬೂಟು ತೊಡುವ ಮಕ್ಕಳಲ್ಲಿ ಹೆಚ್ಚು, ಚಪ್ಪಲಿ ಅಥವಾ ಸ್ಯಾಂಡಲ್ ತೊಡುವವರಲ್ಲಿ ಕಡಿಮೆ ಕಂಡುಬಂತು. 1995ರಲ್ಲಿ ಇದೇ ಜೋಸೆಫ್ ಅವರು ಇನ್ನೊಬ್ಬ ವೈದ್ಯರ ಜೊತೆ 1846 ಮಂದಿ ವಯಸ್ಕರನ್ನು ನೋಡಿದಾಗ, 16 ವರ್ಷದ ನಂತರ ಬೂಟು ತೊಡಲು ಆರಂಭಿಸಿದವರಲ್ಲಿ ಚಪ್ಪಟೆ ಪಾದ ಎಲ್ಲರಿಗಿಂತ ಕಡಿಮೆ ಇತ್ತು.

ಹಾಗೆಂದು ಮಕ್ಕಳನ್ನು ಬರಿಗಾಲಲ್ಲೇ ಎಲ್ಲೆಡೆ ಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮದು ಜಾಲಿಮುಳ್ಳಿನ ಸೀಮೆ. ಹಾವು ಚೇಳಿನ ಭಯವಿದೆ. ಬಯಲು ಕಡೆ ಬರಿಗಾಲಲ್ಲಿ ಹೋದರೆ ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ದೇಹವನ್ನು ಸೇರಿ ರಕ್ತಹೀನತೆ ತರುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ 2015-16ರಿಂದ ಬೂಟು, ಕಾಲುಚೀಲ ಕೊಡುವ ಯೋಜನೆ ಬಂದದ್ದು ಒಳ್ಳೆಯದೇ. ಶಾಲೆಗೆ, ಹೊಲಕ್ಕೆ, ಶೌಚಕ್ಕೆ ಪಾದರಕ್ಷೆ ಇರಲಿ. ಮನೆಗೆ ಬಂದ ಮೇಲೆ ಬೂಟು ಬಿಚ್ಚಿಸಿ, ಸ್ವಚ್ಛವಾದ ಅಂಗಳದಲ್ಲಿ, ಮರಳಿನ ಮೇಲೆ ಬರಿಗಾಲಲ್ಲಿ ಆಡಲು ಬಿಡಿ. ಕುಂಟೆಬಿಲ್ಲೆ, ಹಗ್ಗದಾಟ ಪಾದಕ್ಕೆ ಒಳ್ಳೆಯ ವ್ಯಾಯಾಮ. ಕಳೆದ ವರ್ಷದ ಬೂಟು ಬಿಗಿಯಾಗಿದ್ದರೆ ಬಲವಂತವಾಗಿ ತೊಡಿಸಬೇಡಿ.

ಮಕ್ಕಳಿಗೆ ಇನ್‌ಸೋಲ್ ಹಾಕಿದರೆ ಕಮಾನು ಬೇಗ ಬರುತ್ತದೆಯೇ? ಅಮೆರಿಕದ ಡಲ್ಲಾಸ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ 129 ಮಕ್ಕಳನ್ನು ಗುಂಪುಗಳಾಗಿ ಮಾಡಿ, ಕೆಲವರಿಗೆ ವಿಶೇಷ ಬೂಟು, ಕೆಲವರಿಗೆ ಇನ್‌ಸೋಲ್ ಕೊಟ್ಟು, ಇನ್ನು ಕೆಲವರಿಗೆ ಏನೂ ಕೊಡದೆ ಮೂರು ವರ್ಷ ನೋಡಿದರು. 1989ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಲ್ಲ ಗುಂಪಿನ ಮಕ್ಕಳ ಪಾದವೂ ಒಂದೇ ರೀತಿ ಸುಧಾರಿಸಿತ್ತು. ಕಮಾನು ಬಂದದ್ದು ಬೂಟಿನಿಂದಲ್ಲ, ಬೆಳವಣಿಗೆಯಿಂದ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 7ರಿಂದ 11 ವರ್ಷದ 160 ಮಕ್ಕಳ ಮೇಲೆ ನಡೆದ ಪರೀಕ್ಷೆಯ ವರದಿ ಬಂತು. ಅಲ್ಲಿ ಅಳತೆ ಕೊಟ್ಟು ಮಾಡಿಸಿದ ದುಬಾರಿ ಇನ್‌ಸೋಲಿಗೂ, ಅಂಗಡಿಯ ಸಿದ್ಧ ಇನ್‌ಸೋಲಿಗೂ, ಏನೂ ಹಾಕದಿದ್ದುದಕ್ಕೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನೋವಿಲ್ಲದ ಮಗುವಿಗೆ ಇನ್‌ಸೋಲ್ ಬೇಡ. ಆ ಹಣಕ್ಕೆ ಮಗುವಿಗೆ ಹಾಲು, ಮೊಟ್ಟೆ, ಬೇಳೆ ತನ್ನಿ.

ಮಗು ಕಾಲು ನೋವೆಂದು ಅಳುತ್ತಿದ್ದರೆ, ಆಟ ಬಿಟ್ಟು ಕೂರುತ್ತಿದ್ದರೆ, ಕುಂಟುತ್ತಿದ್ದರೆ ಮಾತು ಬೇರೆ. ಆಗ ವೈದ್ಯರಿಗೆ ತೋರಿಸಿ. ಅಂಥ ಮಕ್ಕಳಿಗೆ ವೈದ್ಯರೇ ಇನ್‌ಸೋಲ್ ಬರೆದುಕೊಡಬಹುದು.

ಇನ್‌ಸೋಲ್ ನಡಿಗೆಯಲ್ಲಿ ಏನು ಮಾಡುತ್ತದೆ?

ಇನ್ನು ನೋವಿರುವ ದೊಡ್ಡವರ ವಿಷಯ. ಒಳ್ಳೆಯ ಇನ್‌ಸೋಲಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಹಿಮ್ಮಡಿ ಕೂರುವ ಬಟ್ಟಲಿನಂಥ ಗುಳಿ. ಇನ್ನೊಂದು, ಒಳಬದಿಯಲ್ಲಿ ಎತ್ತರಿಸಿದ ಆನಿಕೆ. ಗುಳಿ ಹಿಮ್ಮಡಿಯನ್ನು ನೆಟ್ಟಗೆ ಹಿಡಿಯುತ್ತದೆ. ಆನಿಕೆ ಪಾದ ಒಳಕ್ಕೆ ಕುಸಿಯುವುದನ್ನು ತಡೆದು ನಿಧಾನಗೊಳಿಸುತ್ತದೆ. ನಡಿಗೆಯನ್ನು ಯಂತ್ರದಲ್ಲಿ ಅಳೆದು ನೋಡಿದಾಗ ಹಿಮ್ಮಡಿಯ ವಾಲು ಕಡಿಮೆಯಾಗುವುದು ಕೆಲವೇ ಡಿಗ್ರಿ. ಕಣ್ಣಿಗೆ ಕಾಣುವಷ್ಟು ಬದಲಾವಣೆ ಇರುವುದಿಲ್ಲ. ಆದರೆ ಅಷ್ಟರಿಂದಲೇ ಒಳಗೆಣ್ಣಿನ ಸ್ನಾಯುರಜ್ಜಿನ ಮೇಲಿನ ಎಳೆತ ತಗ್ಗುತ್ತದೆ. ಒಂದೆರಡು ಕಡೆ ಬೀಳುತ್ತಿದ್ದ ಭಾರ ಇಡೀ ಅಂಗಾಲಿಗೆ ಹಂಚಿಹೋಗುತ್ತದೆ. ಇದರಿಂದ ಹಲವರಿಗೆ ನೋವು ಇಳಿದು, ಹೆಚ್ಚು ಹೊತ್ತು ನಿಲ್ಲಲು, ನಡೆಯಲು ಆಗುತ್ತದೆ. ಎಲ್ಲರಿಗೂ ಒಂದೇ ಪ್ರಮಾಣದ ಗುಣ ಸಿಗುವುದಿಲ್ಲ.

ಇನ್‌ಸೋಲ್ ಕನ್ನಡಕ ಇದ್ದ ಹಾಗೆ. ಹಾಕಿಕೊಂಡಿರುವಷ್ಟು ಹೊತ್ತು ಅನುಕೂಲ. ತೆಗೆದರೆ ಪಾದ ಮೊದಲಿನಂತೆಯೇ. "ಆರು ತಿಂಗಳು ಹಾಕಿದರೆ ಕಮಾನು ಕಾಯಂ ಬರುತ್ತದೆ" ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ನಮ್ಮಲ್ಲಿಗೆ ಬಂದಿದ್ದ ಒಬ್ಬ ತಾಯಿಯ ಉದಾಹರಣೆ ಹೇಳುತ್ತೇನೆ. ಎಣ್ಣೆ ಗಿರಣಿಯಲ್ಲಿ ನಿಂತು ಕೆಲಸ, ವಯಸ್ಸು ನಲವತ್ತೈದರ ಆಸುಪಾಸು. ಮಧ್ಯಾಹ್ನದ ಹೊತ್ತಿಗೆ ಪಾದದ ಒಳಬದಿ ಸೆಳೆದು ಕೂರುವಂತಾಗುತ್ತಿತ್ತು. ಯಾರೋ ಹೇಳಿದರೆಂದು ಇನ್‌ಸೋಲ್ ತಂದು ಹವಾಯಿ ಚಪ್ಪಲಿಯ ಮೇಲೆ ಅಂಟಿಸಿಕೊಂಡಿದ್ದರು. ಅದು ಜಾರಿ ಜಾರಿ ನೋವು ಹೆಚ್ಚಾಗಿತ್ತು. ಹಿಂಬದಿ ಪಟ್ಟಿ ಇರುವ, ಹಿಮ್ಮಡಿ ಗಟ್ಟಿಯಾಗಿರುವ ಪಾದರಕ್ಷೆಯೊಳಗೆ ಅದೇ ಇನ್‌ಸೋಲ್ ಕೂರಿಸಿಕೊಟ್ಟು, ವ್ಯಾಯಾಮ ಹೇಳಿಕೊಟ್ಟೆವು. ತಿಂಗಳ ನಂತರ ಬಂದಾಗ ಅವರು ಹೇಳಿದ್ದು ಇಷ್ಟು: ಗಿರಣಿಯಲ್ಲಿ ಈಗ ಸಂಜೆಯವರೆಗೆ ನಿಲ್ಲುತ್ತೇನೆ, ಮನೆಯಲ್ಲಿ ಬರಿಗಾಲಲ್ಲಿ ಹೆಚ್ಚು ಓಡಾಡಿದರೆ ನೋವು ಬರುತ್ತದೆ. ಇನ್‌ಸೋಲಿನಿಂದ ನಾವು ನಿರೀಕ್ಷಿಸಬಹುದಾದ ಗುಣ ಇದೇ. ಇದು ಕಡಿಮೆಯೇನಲ್ಲ.

ಕೊಳ್ಳುವಾಗ, ತೊಡುವಾಗ

1. ಮೊದಲು ಪಾದರಕ್ಷೆ, ಆಮೇಲೆ ಇನ್‌ಸೋಲ್. ಹಿಂಬದಿ ಗಟ್ಟಿಯಾಗಿರಬೇಕು, ಪಟ್ಟಿಯೋ ಲೇಸೋ ಇರಬೇಕು, ಬೆರಳುಗಳಿಗೆ ಜಾಗವಿರಬೇಕು. ಹವಾಯಿ ಚಪ್ಪಲಿಗೆ ಬಿಡಿ ಇನ್‌ಸೋಲ್ ಹೊಂದುವುದಿಲ್ಲ. ಬೂಟು ಬೇಡವೆನ್ನುವವರಿಗೆ ಒಳಬದಿ ಎತ್ತರಿಸಿರುವ, ಹಿಂಬದಿ ಪಟ್ಟಿಯ ಸ್ಯಾಂಡಲ್‌ಗಳು ಸಿಗುತ್ತವೆ.

2. ಬೂಟಿನಲ್ಲಿ ಮೊದಲೇ ಇರುವ ಒಳಹಾಸನ್ನು ತೆಗೆದು ಹೊಸದನ್ನು ಹಾಕಿ. ಒಂದರ ಮೇಲೊಂದು ಹಾಕಿದರೆ ಹಿಮ್ಮಡಿ ಮೇಲೆದ್ದು ಬೂಟು ಕಳಚುತ್ತದೆ.

3. ಬೂಟು ಕೊಳ್ಳಲು ಸಂಜೆ ಹೋಗಿ. ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಇನ್‌ಸೋಲನ್ನು ಜೊತೆಗೆ ಒಯ್ಯಿರಿ.

4. ಬೆರಳಿನಿಂದ ಒತ್ತಿದರೆ ಪೂರ್ತಿ ಚಪ್ಪಟೆಯಾಗುವ ಮೆತ್ತನೆಯದು ಹಿತವಾಗಿರುತ್ತದೆ, ಆನಿಕೆ ಕೊಡುವುದಿಲ್ಲ. ಕಲ್ಲಿನಂತೆ ಗಟ್ಟಿಯಿದ್ದರೆ ಚುಚ್ಚುತ್ತದೆ. ನಡುವಿನದನ್ನು ಆರಿಸಿ.

5. ಮೊದಲು ಸಿದ್ಧ ಇನ್‌ಸೋಲಿನಿಂದಲೇ ಆರಂಭಿಸಿ. ಅದರಿಂದ ಗುಣವಾಗದಿದ್ದರೆ, ಅಥವಾ ಪಾದದ ಆಕಾರ ತೀರಾ ಬದಲಾಗಿದ್ದರೆ ಮಾತ್ರ ವೈದ್ಯರ ಸಲಹೆಯಂತೆ ಅಳತೆ ಕೊಟ್ಟು ಮಾಡಿಸಿ.

6. ಮೊದಲ ದಿನ ಒಂದೆರಡು ಗಂಟೆ ಮಾತ್ರ ತೊಡಿ. ದಿನಕ್ಕಿಷ್ಟು ಹೆಚ್ಚಿಸುತ್ತ ಎರಡು ವಾರದಲ್ಲಿ ಪೂರ್ತಿ ದಿನಕ್ಕೆ ಬನ್ನಿ. ಹೊಸದು ಹಾಕಿಕೊಂಡೇ ನಾಯಕನಹಟ್ಟಿ ಜಾತ್ರೆಗೆ ನಡೆದು ಹೊರಡಬೇಡಿ, ಬೊಬ್ಬೆ ಬರುತ್ತದೆ.

7. ಆರು ವಾರ ತೊಟ್ಟರೂ ನೋವು ಇಳಿಯದಿದ್ದರೆ, ಅಥವಾ ಮೊಣಕಾಲು, ಸೊಂಟದಲ್ಲಿ ಹೊಸ ನೋವು ಬಂದರೆ ತೆಗೆದಿಟ್ಟು ವೈದ್ಯರಲ್ಲಿಗೆ ಬನ್ನಿ. ಆನಿಕೆ ಕುಸಿದು ಸಪಾಟಾದ ಇನ್‌ಸೋಲನ್ನು ಬದಲಾಯಿಸಬೇಕು.

ಖರ್ಚಿಲ್ಲದ ವ್ಯಾಯಾಮಗಳು

ಇನ್‌ಸೋಲಿನ ಜೊತೆಗೆ ವ್ಯಾಯಾಮವನ್ನೂ ಮಾಡಿದರೆ ಪಾದದ ಮಾಂಸಖಂಡಗಳು ಬಲವಾಗುತ್ತವೆ. ಮೊದಲನೆಯದು, ಕುರ್ಚಿಯಲ್ಲಿ ಕುಳಿತು ಪಾದ ನೆಲಕ್ಕೆ ಊರಿ, ಬೆರಳು ಮಡಚದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆಗೆ ಎಳೆದುಕೊಳ್ಳುವಂತೆ ಪಾದವನ್ನು ಕುಗ್ಗಿಸಿ. ಐದು ಎಣಿಸುವವರೆಗೆ ಹಿಡಿದು ಬಿಡಿ. ಎರಡನೆಯದು, ಗೋಡೆ ಹಿಡಿದು ನಿಧಾನವಾಗಿ ತುದಿಗಾಲಿಗೆ ಏರಿ, ಇನ್ನೂ ನಿಧಾನವಾಗಿ ಇಳಿಯಿರಿ. ಮೂರನೆಯದು, ಗೋಡೆಗೆ ಕೈ ಕೊಟ್ಟು ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲಿ ಮೀನಖಂಡವನ್ನು ಎಳೆಯಿರಿ. ಅರ್ಧ ನಿಮಿಷ ಹಾಗೇ ಇರಿ. ಮೊದಲ ಎರಡನ್ನು ಹತ್ತು ಹತ್ತು ಸಲ, ಮೂರನೆಯದನ್ನು ಮೂರು ಸಲ, ಬೆಳಗ್ಗೆ ಮತ್ತು ಸಂಜೆ ಮಾಡಿ. ಮಾಡುವಾಗ ಒಳಗೆಣ್ಣಿನ ಬಳಿ ನೋವು ಹೆಚ್ಚಾದರೆ ನಿಲ್ಲಿಸಿ ನಮ್ಮನ್ನು ಕೇಳಿ. ತೂಕ ಹೆಚ್ಚಿದ್ದವರು ತೂಕ ಇಳಿಸಿದರೆ ಪಾದದ ಭಾರವೂ ಇಳಿಯುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ವಿಶೇಷ ಎಚ್ಚರಿಕೆ

ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಅಂಗಾಲು ಜೋಮು ಹಿಡಿದು ಸ್ಪರ್ಶ ತಿಳಿಯದಂತಾಗುತ್ತದೆ. ಇಂಥವರಿಗೆ ಬಿರುಸಾದ ಇನ್‌ಸೋಲ್ ಒತ್ತಿ ಹುಣ್ಣಾದರೂ ಗೊತ್ತಾಗುವುದಿಲ್ಲ. ನಿಮ್ಮಷ್ಟಕ್ಕೆ ನೀವೇ ಅಂಗಡಿಯಿಂದ ತಂದು ಹಾಕಬೇಡಿ. ವೈದ್ಯರು ಅಂಗಾಲಿನ ಸ್ಪರ್ಶವನ್ನು ತೆಳುವಾದ ನೈಲಾನ್ ಎಳೆಯಿಂದ ಪರೀಕ್ಷಿಸಿ, ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಪಾದರಕ್ಷೆ ಹೇಳುತ್ತಾರೆ. ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೂ ಇದೇ ಬಗೆಯ ಚಪ್ಪಲಿ. ಅವರಿಗೆ ಸರ್ಕಾರದ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಅದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣು ಮಂಜಾದವರಿದ್ದರೆ ಮನೆಯವರು ನೋಡಿ. ತೊಡುವ ಮುನ್ನ ಬೂಟನ್ನು ತಲೆಕೆಳಗು ಮಾಡಿ ಕೊಡವಿ.

ಸಕ್ಕರೆ ಕಾಯಿಲೆ ಇದ್ದವರ ಒಂದು ಪಾದ ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೆ, ನೋವು ಇಲ್ಲದಿದ್ದರೂ ಸರಿ, ಕೂಡಲೇ ಆಸ್ಪತ್ರೆಗೆ ಬನ್ನಿ. ಒಳಗಿನ ಮೂಳೆಗಳು ಮುರಿದು ಕಮಾನು ಕುಸಿಯುತ್ತಿರಬಹುದು. ಇದನ್ನು ಶಾರ್ಕೋ ಪಾದ ಎನ್ನುತ್ತಾರೆ. "ನೋವಿಲ್ಲವಲ್ಲ" ಎಂದು ಓಡಾಡಿಕೊಂಡಿದ್ದರೆ ಪಾದದ ಆಕಾರವೇ ಕೆಟ್ಟು, ಮುಂದೆ ಹುಣ್ಣಾಗಿ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಆ ಕಾಲಿನ ಮೇಲೆ ಭಾರ ಹಾಕದೆ ಬನ್ನಿ.

ಭರ್ತಿಗೆ ಹೋಗುವ ಹುಡುಗರಿಗೆ

2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೂ ನಮ್ಮ ಹುಡುಗರು ಬೆಳಗಿನ ಜಾವ ಓಡುವುದನ್ನು ಬಿಟ್ಟಿಲ್ಲ. ವೈದ್ಯಕೀಯ ಪರೀಕ್ಷೆಯಲ್ಲಿ ಪಾದವನ್ನು ಬರಿಗಾಲಲ್ಲೇ ನೋಡುತ್ತಾರೆ. ಆದ್ದರಿಂದ ಇನ್‌ಸೋಲ್ ಹಾಕಿ ತೇರ್ಗಡೆಯಾಗಲು ಸಾಧ್ಯವಿಲ್ಲ. ಅದಕ್ಕಾಗಿ ಹಣ ಕಳೆದುಕೊಳ್ಳಬೇಡಿ. ಹಾಗೆಂದು ಎಲ್ಲ ಚಪ್ಪಟೆ ಪಾದವೂ ಅನರ್ಹವೆಂದು ಮೊದಲೇ ಕೈಚೆಲ್ಲಬೇಡಿ. ಅಧಿಕಾರಿ ಹುದ್ದೆಗಳ ಎನ್‌ಡಿಎ ಪ್ರಕಟಣೆಗಳಲ್ಲಿ, ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿ, ಪಾದ ಮೆದುವಾಗಿ ನೋವಿಲ್ಲದೆ ಇದ್ದು, ತುದಿಗಾಲಲ್ಲಿ ಚೆನ್ನಾಗಿ ಓಡಬಲ್ಲವರನ್ನು ಒಪ್ಪಬಹುದೆಂದು ಬರೆದಿರುವುದುಂಟು. ಬೇರೆ ಹುದ್ದೆಗಳ ನಿಯಮ ಬೇರೆ ಇರುತ್ತದೆ. ಆಯಾ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿ, ವರ್ಷಗಟ್ಟಲೆ ಓಡುವ ಮೊದಲೇ ಒಮ್ಮೆ ಪಾದವನ್ನು ವೈದ್ಯರಿಗೆ ತೋರಿಸಿಕೊಳ್ಳಿ.

ತಡಮಾಡದೆ ವೈದ್ಯರ ಬಳಿ ಬರಬೇಕಾದವರು

ಮೊದಲು ಸರಿಯಿದ್ದು ಈಗ ಒಂದೇ ಪಾದ ಚಪ್ಪಟೆಯಾಗುತ್ತಿರುವವರು; ಒಳಗೆಣ್ಣಿನ ಹಿಂದೆ ಊತ, ನೋವು ಇರುವವರು; ಒಂದೇ ಕಾಲಿನ ತುದಿಗಾಲಲ್ಲಿ ಏರಲಾಗದವರು; ಹಿಂದಿನಿಂದ ನೋಡಿದಾಗ ಒಂದು ಪಾದದ ಬೆರಳುಗಳು ಹೊರಗಡೆ ಹೆಚ್ಚಾಗಿ ಕಾಣುವವರು. ಇವರಲ್ಲಿ ಕಮಾನು ಎತ್ತಿ ಹಿಡಿಯುವ ಸ್ನಾಯುರಜ್ಜು ಸವೆಯುತ್ತಿರಬಹುದು. ಇದು ನಲವತ್ತು ದಾಟಿದ ಹೆಂಗಸರಲ್ಲಿ, ತೂಕ ಹೆಚ್ಚಿರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಆರಂಭದಲ್ಲೇ ಬಂದರೆ ಇನ್‌ಸೋಲ್, ವಿಶ್ರಾಂತಿ, ವ್ಯಾಯಾಮದಿಂದ ನಿಭಾಯಿಸಬಹುದು. ತಡಮಾಡಿದರೆ ಪಾದ ಬಿಗಿಯಾಗಿ, ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಹೆಣ್ಣುಮಕ್ಕಳು ಮನೆಯವರ ಕಾಲು ನೋವಿಗೆಲ್ಲ ಎಣ್ಣೆ ತಿಕ್ಕುತ್ತಾರೆ, ತಮ್ಮ ನೋವನ್ನು ಮಾತ್ರ ಹೇಳುವುದಿಲ್ಲ. ಮನೆಯ ಗಂಡಸರು ಅದನ್ನು ಕೇಳಿ ಕರೆತರಬೇಕೆಂದು ವಿನಂತಿ.

ಸಭಿಕರು ಕೇಳಿದ ಎರಡು ಪ್ರಶ್ನೆಗಳು

ಪ್ರಶ್ನೆ: ಚಪ್ಪಟೆ ಪಾದದ ಹುಡುಗಿಯನ್ನು ಮನೆಗೆ ತಂದುಕೊಂಡರೆ ಒಳ್ಳೆಯದಾಗುವುದಿಲ್ಲ ಎನ್ನುತ್ತಾರೆ, ನಿಜವೇ?
ಉತ್ತರ: ಖಂಡಿತ ಸುಳ್ಳು. ಪಾದದ ಆಕಾರಕ್ಕೂ ಮನೆತನದ ಏಳಿಗೆಗೂ ಯಾವ ಸಂಬಂಧವೂ ಇಲ್ಲ. ಕಾಯಕವನ್ನೇ ದೊಡ್ಡದೆಂದ ಶರಣರ ನಾಡಿನಲ್ಲಿ ಇಂಥ ಮಾತು ಶೋಭಿಸುವುದಿಲ್ಲ.

ಪ್ರಶ್ನೆ: ಮಗ್ಗದ ಗುಣಿಯಲ್ಲಿ ಇನ್‌ಸೋಲ್ ಬೇಕೇ?
ಉತ್ತರ: ಕುಳಿತು ತುಳಿಯುವಾಗ ಮೈಭಾರ ಪಾದದ ಮೇಲೆ ಬೀಳುವುದಿಲ್ಲ, ಆದ್ದರಿಂದ ಬೇಡ. ಗಂಟೆಗೊಮ್ಮೆ ಎದ್ದು ಮೀನಖಂಡ ಎಳೆಯುವ ವ್ಯಾಯಾಮ ಮಾಡಿ. ನಡೆಯುವಾಗ, ನಿಲ್ಲುವಾಗ ನೋವಿದ್ದರೆ ಆಗ ತೊಡಿ.

ಕೊನೆಯದಾಗಿ, ಮನೆಗೆ ಹೋದ ಮೇಲೆ ಮನೆಮಂದಿಯನ್ನೆಲ್ಲ ಒಮ್ಮೆ ತುದಿಗಾಲಲ್ಲಿ ನಿಲ್ಲಿಸಿ ನೋಡಿ. ನೋವಿಲ್ಲದವರು ನಿಶ್ಚಿಂತೆಯಿಂದಿರಿ. ನೋವಿರುವವರು ನಮ್ಮ ಹೊರರೋಗಿ ವಿಭಾಗಕ್ಕೆ ಬನ್ನಿ, ಬರುವಾಗ ದಿನವೂ ತೊಡುವ ಹಳೆಯ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ. ಅದರ ಅಟ್ಟೆ ಎಲ್ಲಿ ಸವೆದಿದೆ ಎಂಬುದನ್ನು ನೋಡಿದರೆ ನಿಮ್ಮ ನಡಿಗೆಯ ಬಗ್ಗೆ ನಮಗೆ ಅರ್ಧ ವಿಷಯ ತಿಳಿಯುತ್ತದೆ.